ಹಳೆಯ ಕ್ಲಚ್ಚಿನ ಆಯುಸ್ಸನ್ನು ಅಳೆಯುವುದು ಹೇಗೆ?

ದನಗಳ ಜಾತ್ರೆಯಲ್ಲಿ ಎತ್ತನ್ನು ಕೊಳ್ಳಹೋದ ರೈತನು ಮೊದಲು ಅದರ ಬಾಯಿ ಬಿಡಿಸಿ ಹಲ್ಲನ್ನು ನೋಡುತ್ತಾನೆ. ಮಾರುವವನ ಬಾಯಿಮಾತಿಗಿಂತ ಎತ್ತಿನ ಹಲ್ಲಿನ ಮಾತು ಹೆಚ್ಚು ನಂಬತಕ್ಕದ್ದು. ಹಳೆಯ ಮೋಟಾರು ಕಾರನ್ನು ಕೊಳ್ಳುವವರೂ ಇಂತಹ ಸಾಕ್ಷ್ಯವನ್ನೇ ಅರಸುತ್ತಾರೆ. ಅವರ ದೃಷ್ಟಿ ಮೊದಲು ಹೋಗುವುದು ಕಾರು ಎಷ್ಟು ಕಿಲೋಮೀಟರು ಓಡಿದೆಯೆಂಬ ಅಂಕಿಯ ಕಡೆಗೆ. ಆದರೆ ಕ್ಲಚ್ಚಿನ ವಿಷಯದಲ್ಲಿ ಈ ಅಂಕಿಯು ಹೇಳುವುದು ಅತ್ಯಲ್ಪ. ಕ್ಲಚ್ಚನ್ನು ಚಾಲಕನ ಕಾಲಿಗೆ ಬದಲಾಗಿ ಯಂತ್ರವೇ ಒತ್ತುವ ಸ್ಪೋರ್ಟ್ಸ್ ಕಾರುಗಳಲ್ಲಂತೂ ಸವೆತವನ್ನು ತಿಳಿಯುವುದು ಸ್ವಾರಸ್ಯವಾದ ಒಂದು ಭೌತಶಾಸ್ತ್ರದ ಸಮಸ್ಯೆಯೇ ಆಗಿದೆ. ಈ ಕಾರುಗಳಲ್ಲಿ ಕ್ಲಚ್ಚನ್ನು ಬದಲಿಸುವುದು ದುಬಾರಿಯ ಕೆಲಸವಾದುದರಿಂದ, ಇಲ್ಲಿ ಲೆಕ್ಕ ತಪ್ಪಿದರೆ ಅಗ್ಗವೆಂದು ಕೊಂಡದ್ದು ನಷ್ಟದ ವ್ಯಾಪಾರವಾಗುತ್ತದೆ.

ಈ ಏರ್ಪಾಡು ಹುಟ್ಟಿದ್ದು ಪಂದ್ಯದ ಕಾರುಗಳಲ್ಲಿ. 1989ರ ಮಾರ್ಚ್ ತಿಂಗಳಲ್ಲಿ ಬ್ರೆಜಿಲ್ ದೇಶದಲ್ಲಿ ನಡೆದ ಫಾರ್ಮುಲಾ ಒನ್ ಪಂದ್ಯವನ್ನು ನೈಜೆಲ್ ಮ್ಯಾನ್ಸೆಲ್ ಅವರು ಗೆದ್ದದ್ದು ಫೆರಾರಿ 640 ಎಂಬ ಕಾರಿನಲ್ಲಿ. ಜಾನ್ ಬಾರ್ನಾರ್ಡ್ ಅವರು ರೂಪಿಸಿದ ಆ ಕಾರಿನಲ್ಲಿ ಗೇರು ಬದಲಿಸಲು ಸ್ಟಿಯರಿಂಗ್ ಚಕ್ರದ ಹಿಂದಿನ ಸಣ್ಣ ಹಿಡಿಗಳನ್ನು ಬೆರಳಿನಿಂದ ಎಳೆದರೆ ಸಾಕಾಗಿತ್ತು. ಇಟಲಿಯ ಮರನೆಲ್ಲೋ ಊರಿನಲ್ಲಿರುವ ಫೆರಾರಿ ಕಾರ್ಖಾನೆಯು 1997ರಲ್ಲಿ ಇದನ್ನು ಎಫ್355 ಎಂಬ ರಸ್ತೆಯ ಕಾರಿಗೆ ಅಳವಡಿಸಿತು; 1999ರ 360 ಮೊಡೆನಾ ಮತ್ತು 2004ರ ಎಫ್430 ಕಾರುಗಳಲ್ಲಿಯೂ ಇದೇ ಕ್ರಮ ಮುಂದುವರಿಯಿತು. 2009ರಲ್ಲಿ ಬಂದ 458 ಇಟಾಲಿಯಾ ಕಾರಿಗೆ ಜೋಡಿ ಕ್ಲಚ್ಚುಗಳ ಬೇರೊಂದು ಗೇರುಪೆಟ್ಟಿಗೆಯನ್ನು ಇಟ್ಟರು. ಆದುದರಿಂದ ಮೇಲೆ ಹೇಳಿದ ಮೂರು ಕಾರುಗಳು ಇಂದು ದೊರೆಯುವುದು ಹಳೆಯ ಕಾರುಗಳ ಪೇಟೆಯಲ್ಲಿಯೇ. ನಮ್ಮ ದೇಶದಲ್ಲಿ 2014ರಲ್ಲಿ ಮಾರುತಿ ಸಂಸ್ಥೆಯು ಸೆಲೆರಿಯೋ ಎಂಬ ಸಣ್ಣ ಕಾರಿನಲ್ಲಿ ತಂದ ಸ್ವಯಂಚಾಲಿತ ಗೇರಿನ ಮೂಲತತ್ತ್ವವೂ ಇದೇ ಎಂಬುದನ್ನು ವಾಚಕರು ಗಮನಿಸಬಹುದು.

ಕ್ಲಚ್ಚಿನ ರಚನೆಯನ್ನು ಸ್ವಲ್ಪ ನೋಡೋಣ. ಎಂಜಿನಿನೊಡನೆ ತಿರುಗುವ ಭಾರವಾದ ಚಕ್ರ ಫ್ಲೈವೀಲು. ಅದರ ಮುಖಕ್ಕೆ ತಗುಲಿ ನಿಲ್ಲುವ, ಎರಡು ಕಡೆಯೂ ಘರ್ಷಣೆಯ ವಸ್ತುವನ್ನು ಹಚ್ಚಿದ ಬಿಲ್ಲೆ ಕ್ಲಚ್ ಪ್ಲೇಟು. ಇದು ಗೇರುಪೆಟ್ಟಿಗೆಗೆ ಸೇರಿದ್ದು. ಈ ಬಿಲ್ಲೆಯನ್ನು ಫ್ಲೈವೀಲಿಗೆ ಅದುಮಿ ಹಿಡಿಯುವುದು ಪ್ರೆಷರ್ ಪ್ಲೇಟು. ಅದುಮುವ ಬಲ ಬರುವುದು ತಟ್ಟೆಯಾಕಾರದ ಒಂದು ಉಕ್ಕಿನ ಸ್ಪ್ರಿಂಗಿನಿಂದ. ಈ ಸ್ಪ್ರಿಂಗಿನ ಒಳಂಚನ್ನು ರಿಲೀಸ್ ಬೇರಿಂಗು ಎಂಬ ಭಾಗವು ಒತ್ತಿದಾಗ ಹಿಡಿತ ಸಡಿಲುತ್ತದೆ. ಸಾಮಾನ್ಯ ಕಾರಿನಲ್ಲಿ ಆ ಒತ್ತಡ ಚಾಲಕನ ಕಾಲಿನದು. ಅನುಭವಿಯಾದವನು ಪೆಡಲು ಎಲ್ಲಿ ಹಿಡಿಯುತ್ತದೆಂಬುದರಿಂದಲೇ ಕ್ಲಚ್ಚಿನ ಸ್ಥಿತಿಯನ್ನು ಊಹಿಸಬಲ್ಲನು. ನಮ್ಮ ಸ್ಪೋರ್ಟ್ಸ್ ಕಾರಿನಲ್ಲಿ ಪೆಡಲೇ ಇಲ್ಲ. ಪಂಪು ಒತ್ತಡವೇರಿಸಿದ ಎಣ್ಣೆಯು ಗಣಕದ ಅಪ್ಪಣೆಯಂತೆ ಬೇರಿಂಗನ್ನು ತಳ್ಳುತ್ತದೆ. ಕಾಲಿಗೆ ತಿಳಿಯುತ್ತಿದ್ದ ಸುದ್ದಿಯು ಈಗ ಗಣಕಕ್ಕೆ ಮಾತ್ರ ತಿಳಿಯುತ್ತದೆ.

ಇನ್ನು ಸವೆತದ ಕಾರಣಕ್ಕೆ ಬರೋಣ. ಕ್ಲಚ್ಚು ಪೂರ್ತಿಯಾಗಿ ಹಿಡಿದಿರುವಾಗ ಬಿಲ್ಲೆಯೂ ಫ್ಲೈವೀಲೂ ಒಂದಾಗಿ ತಿರುಗುತ್ತವೆ; ಆಗ ಜಾರುವಿಕೆಯಿಲ್ಲ, ಸವೆತವೂ ಇಲ್ಲ. ಗೇರು ಬದಲಾಗುವಾಗ ಸ್ವಲ್ಪ ಜಾರುವಿಕೆಯುಂಟು. ಅದಕ್ಕಿಂತ ಬಹಳ ಹೆಚ್ಚಿನದು, ನಿಂತ ಕಾರು ಹೊರಡುವಾಗ ಆಗುವುದು. ಲೆಕ್ಕಕ್ಕಾಗಿ, ಸವಾರರೂ ಸೇರಿ 1,500 ಕಿಲೋಗ್ರಾಂ ತೂಗುವ ಒಂದು ಕಾರನ್ನು ಭಾವಿಸೋಣ. ಎಂಜಿನು ನಿಮಿಷಕ್ಕೆ 1,500 ಸುತ್ತು ತಿರುಗುತ್ತಿರುವಾಗ ಮೊದಲನೆಯ ಗೇರಿನಲ್ಲಿ ಅದು ಸೆಕೆಂಡಿಗೆ 3.6 ಮೀಟರು, ಎಂದರೆ ಗಂಟೆಗೆ 13 ಕಿಲೋಮೀಟರಿನಷ್ಟು ವೇಗದಲ್ಲಿ ಸಾಗಲಿ. ಎಂಜಿನಿನ ಸುತ್ತು ಬದಲಾಗದಂತೆ ಸಮತಟ್ಟಾದ ನೆಲದಲ್ಲಿ ಕಾರನ್ನು ಹೊರಡಿಸಿದರೆ, ಕಾರಿಗೆ ಎಷ್ಟು ಚಲನಶಕ್ತಿ ದೊರೆಯುವುದೋ ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಉಷ್ಣವಾಗಿ ಕಳೆಯುತ್ತದೆ. ಇದು ಯಂತ್ರಶಾಸ್ತ್ರದ ಒಂದು ಸರಳ ಫಲಿತಾಂಶ. ಕ್ಲಚ್ಚನ್ನು ಬೇಗ ಬಿಟ್ಟರೂ ನಿಧಾನವಾಗಿ ಬಿಟ್ಟರೂ ಇದರ ಮೊತ್ತ ಬದಲಾಗದು. ನಮ್ಮ ಕಾರಿನಲ್ಲಿ ಇದು ಸುಮಾರು 10,000 ಜೂಲು.

ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದುದರಿಂದ, ಅದೇ ಕಾರನ್ನು 4,500 ಸುತ್ತಿನಲ್ಲಿ ಅಬ್ಬರದಿಂದ ಹೊರಡಿಸಿದರೆ ಉಷ್ಣವು ಮೂರು ಪಟ್ಟಲ್ಲ, ಒಂಬತ್ತು ಪಟ್ಟಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದುಂಟು. ಹತ್ತು ಮೀಟರಿಗೆ ಒಂದು ಮೀಟರು ಏರುವ ಇಳಿಜಾರಿನಲ್ಲಿ ಬ್ರೇಕನ್ನು ಹಾಕದೆ, 1,500 ಸುತ್ತಿನಲ್ಲಿ ಕ್ಲಚ್ಚನ್ನು ಅರೆಹಿಡಿತದಲ್ಲಿಟ್ಟು ಕಾರನ್ನು ನಿಲ್ಲಿಸಿಕೊಂಡರೆ, ಅಲ್ಲಿ 5 ಕಿಲೋವ್ಯಾಟಿಗಿಂತ ಹೆಚ್ಚಿನ ಉಷ್ಣ ಸತತವಾಗಿ ಹುಟ್ಟುತ್ತದೆ. ಇಪ್ಪತ್ತು ಸೆಕೆಂಡುಗಳಲ್ಲಿ ಇದು ಹತ್ತು ಸಾಧಾರಣ ಹೊರಡುವಿಕೆಗಳಿಗೆ ಸಮ. ಏರುದಾರಿಯಲ್ಲಿ ಕಾರನ್ನು ಹಿಂದಕ್ಕೆ ಇಂಚಿಂಚಾಗಿ ಸರಿಸುವುದೂ ಇದೇ ಜಾತಿಯ ಕ್ರೌರ್ಯ. ಉಷ್ಣ ಮಿತಿಮೀರಿದಾಗ ಬಿಲ್ಲೆಯ ವಸ್ತುವನ್ನು ಬಂಧಿಸಿರುವ ರಾಳವು ಕೆಡುತ್ತದೆ. ಮೈ ಗಾಜಿನಂತೆ ನುಣುಪಾಗಿ ಘರ್ಷಣೆ ಕಡಿಮೆಯಾಗುತ್ತದೆ.

ಕಿಲೋಮೀಟರಿನ ಅಂಕಿ ಏಕೆ ಮೂಕವಾಗಿರುವುದೆಂಬುದು ಈಗ ಸ್ಪಷ್ಟವಾಯಿತು. ಹೆದ್ದಾರಿಯಲ್ಲಿ ನಿಲ್ಲದೆ ನೂರು ಕಿಲೋಮೀಟರು ಓಡಿದ ಕಾರು ಹೊರಟದ್ದು ಒಮ್ಮೆ. ಪಟ್ಟಣದಲ್ಲಿ ಅರ್ಧರ್ಧ ಕಿಲೋಮೀಟರಿಗೆ ನಿಂತ ಕಾರು ಅಷ್ಟೇ ದೂರದಲ್ಲಿ ಇನ್ನೂರು ಬಾರಿ ಹೊರಟಿರುತ್ತದೆ. ಕಡಿಮೆ ಓಡಿದ ಕಾರಿನ ಕ್ಲಚ್ಚು ಹೆಚ್ಚು ಸವೆದಿರುವುದು ಆಶ್ಚರ್ಯವಲ್ಲ.

ಹಾಗಾದರೆ ಗಣಕವನ್ನು ಕೇಳಬಹುದಲ್ಲವೆ? ಕೇಳಬಹುದು. 360, ಎಫ್430 ಮೊದಲಾದ ಕಾರುಗಳಿಗೆ ಪರೀಕ್ಷಕ ಯಂತ್ರವನ್ನು ಜೋಡಿಸಿದರೆ ಕ್ಲಚ್ಚು ಶೇಕಡ ಇಷ್ಟು ಸವೆದಿದೆಯೆಂಬ ಅಂಕಿ ದೊರೆಯುತ್ತದೆ. ಈ ಅಂಕಿಯ ಹುಟ್ಟನ್ನು ತಿಳಿದವನಿಗೆ ಮಾತ್ರ ಅದರ ಬೆಲೆ ತಿಳಿದೀತು. ಬಿಲ್ಲೆ ತೆಳುವಾದಂತೆಲ್ಲ ಪ್ರೆಷರ್ ಪ್ಲೇಟು ಫ್ಲೈವೀಲಿನ ಕಡೆಗೆ ಸರಿಯುತ್ತದೆ. ಸ್ಪ್ರಿಂಗು ಸನ್ನೆಯಂತೆ ವರ್ತಿಸುವುದರಿಂದ ಅದರ ಒಳಂಚು ಇನ್ನೂ ಹೆಚ್ಚು ದೂರ ಸರಿಯುತ್ತದೆ. ಬೇರಿಂಗಿನ ಈ ಸ್ಥಾನವನ್ನು ಒಂದು ಸೆನ್ಸರು ಅಳೆಯುತ್ತದೆ. ಕ್ಲಚ್ಚು ಹೊಸದಾಗಿದ್ದಾಗಿನ ಸ್ಥಾನ ಗಣಕದ ನೆನಪಿನಲ್ಲಿರುತ್ತದೆ. ಅಂದಿನಿಂದ ಸರಿಯಬಹುದಾದ ಒಟ್ಟು ದೂರ 6 ಮಿಲಿಮೀಟರು ಎಂದೂ ಈಗ ಸರಿದಿರುವುದು 3 ಮಿಲಿಮೀಟರು ಎಂದೂ ಇಟ್ಟುಕೊಂಡರೆ ಸವೆತ ಶೇಕಡ 50. ಗಣಕವು ಬಿಲ್ಲೆಯನ್ನು ಕಂಡಿಲ್ಲ. ಎರಡು ಸ್ಥಾನಗಳ ಅಂತರವನ್ನು ಭಾಗಿಸಿದೆ, ಅಷ್ಟೇ.

ಇದರಿಂದ ಮೂರು ಎಚ್ಚರಿಕೆಗಳು ಹೊರಡುತ್ತವೆ. ಮೊದಲನೆಯದಾಗಿ, ನೆನಪಿನಲ್ಲಿರುವ ಆರಂಭದ ಸ್ಥಾನ ತಪ್ಪಾಗಿದ್ದರೆ ಶೇಕಡವೂ ತಪ್ಪು. ಹೊಸ ಕ್ಲಚ್ಚನ್ನು ಹಾಕಿದಾಗ ಆರಂಭದ ಸ್ಥಾನವನ್ನು ಮತ್ತೆ ಕಲಿಸದಿದ್ದರೆ ಗಣಕ ಹಳೆಯ ಲೆಕ್ಕದಲ್ಲಿಯೇ ಉಳಿಯುತ್ತದೆ. ಸವೆದ ಕ್ಲಚ್ಚಿನ ಸ್ಥಾನವನ್ನೇ ಹೊಸದೆಂದು ಕಲಿಸಿದರೆ ಅದು ಸೊನ್ನೆಯನ್ನು ತೋರಿಸುತ್ತದೆ. ಆಗ ಮುದಿ ಎತ್ತಿಗೆ ಹಾಲುಹಲ್ಲು ಕಟ್ಟಿದಂತಾಯಿತು. ಎರಡನೆಯದಾಗಿ, ಅಂಕಿಯು ದಪ್ಪವನ್ನು ಕುರಿತದ್ದು, ಗುಣವನ್ನು ಕುರಿತದ್ದಲ್ಲ. ಸುಟ್ಟು ನುಣುಪಾದ ಬಿಲ್ಲೆಗೆ ದಪ್ಪವಿದ್ದರೂ ಹಿಡಿತವಿರದು. ಮೂರನೆಯದಾಗಿ, ಶೇಕಡ 50 ಎಂದರೆ ಅರ್ಧ ಆಯುಸ್ಸು ಉಳಿದಿದೆಯೆಂದು ಅರ್ಥವಲ್ಲ. ಉಳಿದ ಅರ್ಧವು ಎಷ್ಟು ಬೇಗ ಕರಗುವುದೆಂಬುದು ಮುಂದಿನ ಚಾಲಕನ ಕೈಯಲ್ಲಿದೆ.

ಆದುದರಿಂದ ಕೊಳ್ಳುವವರು ಒಂದು ಅಂಕಿಗೆ ತೃಪ್ತರಾಗದೆ, ದಿನಾಂಕವೂ ಕಿಲೋಮೀಟರೂ ನಮೂದಾಗಿರುವ ಎರಡು ಅಂಕಿಗಳನ್ನು ಕೇಳುವುದು ಲೇಸು. 6,000 ಕಿಲೋಮೀಟರಿನ ಅಂತರದಲ್ಲಿ ಸವೆತವು ಶೇಕಡ 10ರಿಂದ 40ಕ್ಕೆ ಏರಿದ್ದರೆ, ಸಾವಿರ ಕಿಲೋಮೀಟರಿಗೆ ಶೇಕಡ 5ರಂತೆ ಸವೆಯುತ್ತಿದೆಯೆಂದಾಯಿತು. ಅದೇ ರೀತಿ ಓಡಿಸಿದರೆ ಉಳಿದಿರುವುದು ಸುಮಾರು 12,000 ಕಿಲೋಮೀಟರು. ಕ್ಲಚ್ಚನ್ನು ಹಿಂದೆ ಬದಲಿಸಿದ್ದರೆ ಅದರ ರಸೀದಿಯನ್ನೂ, ಆರಂಭದ ಸ್ಥಾನವನ್ನು ಹೊಸದಾಗಿ ಕಲಿಸಿದ ದಾಖಲೆಯನ್ನೂ ನೋಡಬೇಕು. ರಸೀದಿಯ ಕಾಲಕ್ಕೂ ಗಣಕದ ಅಂಕಿಗೂ ಹೊಂದಿಕೆಯಿಲ್ಲದಿದ್ದರೆ ಸಂಶಯಪಡುವುದಕ್ಕೆ ಕಾರಣವುಂಟು.

ಅನಂತರ ಕಾರನ್ನೇ ಮಾತನಾಡಿಸಬೇಕು. ಎಂಜಿನು ಚೆನ್ನಾಗಿ ಬಿಸಿಯಾದ ಮೇಲೆ, ಸುರಕ್ಷಿತವಾದ ತೆರವು ದಾರಿಯಲ್ಲಿ, ಮೇಲಿನ ಒಂದು ಗೇರಿನಲ್ಲಿ ಕಡಿಮೆ ಸುತ್ತಿನಿಂದ ಪೂರ್ತಿ ವೇಗವರ್ಧಕವನ್ನು ಒತ್ತಬೇಕು. ಮೇಲಿನ ಗೇರಿನಲ್ಲಿ ವೇಗ ನಿಧಾನವಾಗಿ ಏರುವುದರಿಂದ ಎಂಜಿನಿನ ಪೂರ್ಣ ತಿರುಚುಬಲವನ್ನು ಕ್ಲಚ್ಚು ಬಹು ಹೊತ್ತು ತಡೆದುಕೊಳ್ಳಬೇಕಾಗುತ್ತದೆ. ರಸ್ತೆಯ ಮೇಲೆ ಚಕ್ರಗಳು ಜಾರುವ ಭಯವೂ ಕಡಿಮೆ. ಹಿಡಿತ ಸರಿಯಾಗಿದ್ದರೆ ಸುತ್ತಿಗೂ ವೇಗಕ್ಕೂ ಇರುವ ಅನುಪಾತ ಬದಲಾಗದು. 2,000 ಸುತ್ತಿಗೆ ಗಂಟೆಗೆ 60 ಕಿಲೋಮೀಟರು ಇದ್ದರೆ 3,000 ಸುತ್ತಿಗೆ 90 ಇರಲೇಬೇಕು. ಸುತ್ತು 3,000ಕ್ಕೆ ಹಾರಿದರೂ ವೇಗವು 80ರಲ್ಲಿಯೇ ಇದ್ದರೆ ಕ್ಲಚ್ಚು ಜಾರುತ್ತಿದೆಯೆಂದು ತಿಳಿಯಬೇಕು. ಸುಟ್ಟ ವಾಸನೆ, ಹೊರಡುವಾಗಿನ ನಡುಕ ಇವೂ ಸಾಕ್ಷಿಗಳೇ. ಆದರೆ ಗೇರು ಬೀಳದಿರುವುದಕ್ಕೆ ಎಣ್ಣೆಯ ಒತ್ತಡದ ಕೊರತೆಯೋ ಸೆನ್ಸರಿನ ದೋಷವೋ ಕಾರಣವಾಗಿರಬಹುದು. ಎಲ್ಲ ತಪ್ಪನ್ನೂ ಕ್ಲಚ್ಚಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಅಳತೆಯ ಉಪಕರಣವು ಕೊಡುವ ಪ್ರತಿಯೊಂದು ಅಂಕಿಯ ಹಿಂದೆಯೂ ಒಂದು ಆಧಾರವಿರುತ್ತದೆ. ಶೇಕಡ ಎಂದಾಗ, ಯಾವುದರ ಶೇಕಡ, ಎಲ್ಲಿಂದ ಎಣಿಸಿದ್ದು ಎಂದು ಕೇಳುವುದು ಪ್ರಯೋಗಶಾಲೆಯ ವಿದ್ಯಾರ್ಥಿಗೆ ಮೊದಲು ಕಲಿಸುವ ಪಾಠ. ಹಳೆಯ ಕಾರನ್ನು ಕೊಳ್ಳುವವರು ಹಣ ಎಣಿಸುವ ಮುನ್ನ ಈ ಎರಡು ಪ್ರಶ್ನೆಗಳನ್ನು ಕೇಳಿದರೆ, ಆ ಪಾಠದ ಬೆಲೆ ಅವರಿಗೆ ರೂಪಾಯಿ ಲೆಕ್ಕದಲ್ಲಿಯೇ ತಿಳಿಯುವುದು.