ಹಳೆಯ ಕಾರು ಕೊಳ್ಳುವ ಮುನ್ನ ತಳ ನೋಡಿ

ಕಾಫಿಯ ಹಣ ಕೈಸೇರಿದೊಡನೆ ಸಕಲೇಶಪುರ, ಆಲೂರು ಕಡೆಯ ಸಣ್ಣ ಬೆಳೆಗಾರರು ಹಳೆಯ ಕಾರಿನ ಮಾತೆತ್ತುವುದುಂಟು. ಇದು ಷೋಕಿಯಲ್ಲ. ಮಳೆಗಾಲದ ರಾತ್ರಿ ಮನೆಯಲ್ಲಿ ಕಾಯಿಲೆಯಾದರೆ ಆಸ್ಪತ್ರೆ ಮುಟ್ಟಲು ವಾಹನ ಬೇಕೇ ಬೇಕು.

1983ರಲ್ಲಿ ಬಂದ ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಆದ್ದರಿಂದ ಈಗ ಸಿಗುವ ಪ್ರತಿಯೊಂದು 800 ಕಾರೂ ಹತ್ತು ವರ್ಷ ದಾಟಿದ್ದೇ.

ದನ ಕೊಳ್ಳುವಾಗ ಹಲ್ಲು ನೋಡುವ ನಾವು ಕಾರಿನ ಬಣ್ಣಕ್ಕೆ ಮರುಳಾಗಬಾರದು. ಮಲೆನಾಡಿನಲ್ಲಿ ಕೆಸರು ಮೆತ್ತಿ, ತಿಂಗಳುಗಟ್ಟಲೆ ಒದ್ದೆಯಿದ್ದು ತಳದ ತಗಡಿಗೆ ತುಕ್ಕು ಹಿಡಿಯುತ್ತದೆ. ಕಾಲಡಿಯ ಹಾಸು ತೆಗೆದು ನೋಡಿರಿ. ಕಾರನ್ನು ಮೇಲೆತ್ತಿಸಿ ಬ್ರೇಕಿನ ಕೊಳವೆಗಳನ್ನು ಪರೀಕ್ಷಿಸಿರಿ. ಅವು ತುಕ್ಕು ತಿಂದು ಒಡೆದರೆ ಇಳಿಜಾರಿನಲ್ಲಿ ಪ್ರಾಣಕ್ಕೇ ಕುತ್ತು.

ಬಳಿಕ ಕಾಗದಪತ್ರ. ಎಂಜಿನ್, ಚಾಸಿ ಸಂಖ್ಯೆಗಳು ನೋಂದಣಿ ಪತ್ರದೊಡನೆ ತಾಳೆಯಾಗಬೇಕು. ಬ್ಯಾಂಕ್ ಸಾಲ ನಮೂದಾಗಿದ್ದರೆ ತೀರುವಳಿ ಪತ್ರವಿಲ್ಲದೆ ಹಣ ಕೊಡಬೇಡಿರಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನವೀಕರಣದ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. 29 ಮತ್ತು 30ನೇ ನಮೂನೆಗಳಿಗೆ ಮಾರುವವರ ಸಹಿ ಪಡೆದು, ಸಾರಿಗೆ ಕಚೇರಿಯಲ್ಲಿ ಹೆಸರು ಬದಲಿಸಿಕೊಳ್ಳಿರಿ. ವಿಮೆಯೂ ನಿಮ್ಮ ಹೆಸರಿಗೆ ಬರಲಿ.

ಎಲೆತುಕ್ಕು ತಡೆಯಲು ಮುಂಗಾರಿಗೆ ಮೊದಲೇ ಕಾಫಿಗೆ ಬೋರ್ಡೋ ದ್ರಾವಣ ಸಿಂಪಡಿಸುತ್ತೀರಲ್ಲವೇ? ಅದೇ ವೇಳೆಗೆ ಕಾರಿನ ತಳಕ್ಕೂ ತುಕ್ಕುನಿರೋಧಕ ಬಳಿಸಿರಿ.