ಅರ್ಧ ಕಿಲೋ ಭಾರದ ಟ್ರಿಗರ್

ಪಿಸ್ತೂಲಿನಲ್ಲಿ ಟ್ರಿಗರ್ ಮಾಡುವ ಕೆಲಸ ತೀರ ಚಿಕ್ಕದು. ಬಿಗಿದ ಸ್ಪ್ರಿಂಗಿನ ಬಲದಿಂದ ಮುನ್ನುಗ್ಗಲು ಕಾದಿರುವ ಹ್ಯಾಮರನ್ನು ಸಿಯರ್ ಎಂಬ ಉಕ್ಕಿನ ಕೊಕ್ಕೆಯೊಂದು ಹಿಡಿದಿಟ್ಟಿರುತ್ತದೆ. ಬೆರಳು ಟ್ರಿಗರನ್ನು ಒತ್ತಿದಾಗ ಆ ಕೊಕ್ಕೆ ಜಾರಿ ಹ್ಯಾಮರ್ ಬಿಡುಗಡೆಯಾಗುತ್ತದೆ, ಏರ್ ಪಿಸ್ತೂಲಿನಲ್ಲಾದರೆ ಅದು ಕವಾಟವನ್ನು ಬಡಿದು ಒತ್ತಿಟ್ಟ ಗಾಳಿಯನ್ನು ನಳಿಗೆಗೆ ಹರಿಸುತ್ತದೆ. ಕೊಕ್ಕೆಯ ಅಂಚು ಹ್ಯಾಮರಿನ ಕಚ್ಚಿನಲ್ಲಿ ಕೂತಿರುವ ಆಳ ಮಿಲಿಮೀಟರಿನ ಒಂದು ಭಾಗ ಮಾತ್ರ. ಸ್ಪರ್ಧಿಗಳು ಟ್ರಿಗರಿನ ಗುಣ ಎಂದು ಕರೆಯುವುದೆಲ್ಲ ಈ ಎರಡು ಮೇಲ್ಮೈಗಳ ಕೋನ, ನಯ ಮತ್ತು ಗಡಸುತನಗಳಲ್ಲಿ ಅಡಗಿದೆ.

ಹತ್ತು ಮೀಟರ್ ಏರ್ ಪಿಸ್ತೂಲಿನ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ., ಹಾರುವ ಸೀಸದ ಗುಂಡಿನ ವ್ಯಾಸ 4.5 ಮಿ.ಮೀ. ಗುಂಡಿನ ಅಂಚು ವೃತ್ತವನ್ನು ಸೋಕಿದರೂ ಹತ್ತು ಅಂಕ ದಕ್ಕುವುದರಿಂದ ಕೇಂದ್ರದಿಂದ 8 ಮಿ.ಮೀ.ವರೆಗಿನ ತಪ್ಪಿಗೆ ಕ್ಷಮೆಯಿದೆ. ಆದರೆ ಹಿಂದಿನ ಮತ್ತು ಮುಂದಿನ ಗುರಿಕಣ್ಣುಗಳ ನಡುವೆ ಸುಮಾರು 30 ಸೆಂ.ಮೀ. ಅಂತರವಿರುವ ಪಿಸ್ತೂಲಿನಲ್ಲಿ, ಮುಂದಿನ ಕಣ್ಣು ಕಾಲು ಮಿಲಿಮೀಟರು ಪಕ್ಕಕ್ಕೆ ಸರಿದರೆ ಆ ಕ್ಷಮೆ ಮುಗಿದುಹೋಗುತ್ತದೆ. ಒಂದೇ ಕೈಯಲ್ಲಿ ಹಿಡಿದು, 60 ಬಾರಿ, ಬೆರಳಿನ ಒತ್ತಡದಿಂದ ಮಣಿಕಟ್ಟು ಅಲುಗದಂತೆ ಹೊಡೆಯಬೇಕಾದವರಿಗೆ ಹಗುರ ಟ್ರಿಗರಿನ ಆಸೆ ಹುಟ್ಟುವುದು ಸಹಜವೇ.

ಆ ಆಸೆಗೆ ಅಂತರರಾಷ್ಟ್ರೀಯ ನಿಯಮ ಮಿತಿ ಹಾಕಿದೆ. ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ, 25 ಮೀಟರ್ ಪಿಸ್ತೂಲಿನದು 1000 ಗ್ರಾಂ ಭಾರವನ್ನು ತಾಳಬೇಕು. ನಳಿಗೆಯನ್ನು ಲಂಬವಾಗಿ ಹಿಡಿದು, ಟ್ರಿಗರಿಗೆ ತೂಗುಹಾಕಿದ ತೂಕವನ್ನು ನೆಲದಿಂದ ಎತ್ತಿ ಪರೀಕ್ಷಿಸಲಾಗುತ್ತದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಕಂಚು ಗೆದ್ದದ್ದು ಈ ಕಟ್ಟುಪಾಡಿನ ಏರ್ ಪಿಸ್ತೂಲಿನಲ್ಲಿ. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರಿಗೆ ಬೆಳ್ಳಿ ತಂದದ್ದೂ ಏರ್ ಪಿಸ್ತೂಲೇ. 50 ಮೀಟರ್ ಪಿಸ್ತೂಲಿಗೆ ಮಾತ್ರ ಕನಿಷ್ಠ ಭಾರದ ನಿಯಮವೇ ಇಲ್ಲ. ನಿಯಮದೊಳಗೇ ಉಳಿದು ಬೆರಳಿಗೆ ಹಿತ ನೀಡುವ ಉಪಾಯವೆಂದರೆ ಎರಡು ಹಂತದ ಟ್ರಿಗರ್: 500 ಗ್ರಾಮಿನ ಹೆಚ್ಚಿನ ಪಾಲನ್ನು ಮೊದಲ ಹಂತ ನುಂಗಿಕೊಳ್ಳುತ್ತದೆ, ಆಮೇಲೆ ಬೆರಳಿಗೆ ಸ್ಪಷ್ಟವಾದ ತಡೆ ಸಿಗುತ್ತದೆ, ಅಲ್ಲಿಂದ ಮುಂದೆ ಅಲ್ಪ ಒತ್ತಡ ಸೇರಿದರೆ ಸಾಕು. ಇದನ್ನು ಹೊಂದಿಸುವ ಸ್ಕ್ರೂಗಳನ್ನು ತಯಾರಕರೇ ಇಟ್ಟಿರುತ್ತಾರೆ.

ಅರ ಹಿಡಿದು ಮನೆಯಲ್ಲೇ ಸಿಯರನ್ನು ಉಜ್ಜುವುದು ಬೇರೆಯೇ ಮಾತು. ಅನೇಕ ಪಿಸ್ತೂಲುಗಳಲ್ಲಿ ಈ ಬಿಡಿಭಾಗದ ಹೊರಪದರವನ್ನಷ್ಟೇ ಕಾಯಿಸಿ ಗಡುಸು ಮಾಡಿರುತ್ತಾರೆ. ಆ ತೆಳುಪದರ ಹೋದರೆ ಒಳಗಿನ ಮೆದು ಉಕ್ಕು ಪ್ರತಿ ಹೊಡೆತಕ್ಕೂ ಸವೆಯುತ್ತ, ಇಂದು ಹಗುರವೆನಿಸಿದ ಟ್ರಿಗರ್ ಕೆಲವೇ ದಿನಗಳಲ್ಲಿ ಕೈತಪ್ಪಿ ಕೆಳಗೆ ಬಿದ್ದಾಗಲೂ ಹಾರುವ ಸ್ಥಿತಿಗೆ ಬರಬಹುದು. ಈ ಭೌತಶಾಸ್ತ್ರ ಕ್ರೀಡಾಂಗಣದ ಸೊತ್ತೇನೂ ಅಲ್ಲ. ಮಲೆ ಮಹದೇಶ್ವರ ಮತ್ತು ಕಾವೇರಿ ವನ್ಯಧಾಮಗಳ ಅಂಚಿನ ಹನೂರು, ಕೊಳ್ಳೇಗಾಲಗಳಲ್ಲಾಗಲಿ, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಯಳಂದೂರಿನಲ್ಲಾಗಲಿ, ಬೆಳೆ ಕಾಯಲು ಪರವಾನಗಿ ಪಡೆದ ರೈತನ ಬಳಿ ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿ ಇದ್ದರೆ, ಅದರ ಹ್ಯಾಮರನ್ನು, ಅಂದರೆ ಕುದುರೆಯನ್ನು, ಹಿಡಿದಿಡುವುದೂ ಇಂಥದೇ ಒಂದು ಕಚ್ಚು. ಅದು ಸವೆದರೆ ಮೇಲಕ್ಕೆತ್ತಿಟ್ಟ ಕುದುರೆ ಬರಿಯ ಅಲುಗಾಟಕ್ಕೇ ಬೀಳಬಹುದು. ಇಲ್ಲಿಯ ಗುಂಡಿಗೆ ಏರ್ ಪಿಸ್ತೂಲಿನ ಐದಾರು ಜೂಲ್‌ ಶಕ್ತಿಯ ಮಿತಿ ಇಲ್ಲವಾದ್ದರಿಂದ ಅಪಾಯ ಹಲವು ಪಟ್ಟು ಹೆಚ್ಚು.

ಮನೆಯಲ್ಲೇ ಸಿಯರ್ ಉಜ್ಜುವುದಕ್ಕೆ ಕಾನೂನೂ ಎಡೆಗೊಡುವುದಿಲ್ಲ: 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕು, ಪಿಸ್ತೂಲುಗಳ ತಯಾರಿಕೆಗೆ ಮಾತ್ರವಲ್ಲ, ಮಾರ್ಪಾಡು ಮತ್ತು ದುರಸ್ತಿಗೂ ಪ್ರತ್ಯೇಕ ಪರವಾನಗಿ ಬೇಕು, ಆಯುಧ ಇಟ್ಟುಕೊಳ್ಳುವ ಪರವಾನಗಿ ಅದಕ್ಕೆ ಸಾಲದು.