ಆಕಾಶದಲ್ಲಿ ಎಂಜಿನ್ ನಿಲ್ಲಿಸಿದ ಹಂಸ

ನಮ್ಮ ತುರುವನೂರಿನಿಂದ ಚಳ್ಳಕೆರೆ ದೂರದ ಊರೇನಲ್ಲ. ಅಲ್ಲಿ ಡಿಆರ್‌ಡಿಓ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದೆ. 2017ರಲ್ಲಿ ಅದರ ಉದ್ಘಾಟನೆಯಾಯಿತು. ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸಿ ನೋಡುವ ಜಾಗವೆಂದು ನಮ್ಮ ಜಿಲ್ಲೆಯವರಿಗೆಲ್ಲ ಅದು ಗೊತ್ತು. ಆದರೆ 2022ರ ಮೇ 17ರಂದು ಅಲ್ಲಿ ನಡೆದದ್ದು ಬೇರೆಯೇ ಕೆಲಸ. ಇಬ್ಬರು ಪೈಲಟ್‌ಗಳು ಒಂದು ಪುಟ್ಟ ವಿಮಾನದಲ್ಲಿ ಮೇಲೇರಿದರು. ಮೇಲೆ ಹೋದ ಮೇಲೆ ಬೇಕೆಂದೇ ಎಂಜಿನ್ ನಿಲ್ಲಿಸಿದರು!

ಯಾಕೆ ಹಾಗೆ ಮಾಡಿದರು? ಅದು ತಿಳಿಯಬೇಕಾದರೆ ಮೊದಲು ಎಂಜಿನ್ನಿನ ಹೊಟ್ಟೆಯ ವಿಷಯ ತಿಳಿಯಬೇಕು.

ಎಂಜಿನ್ನಿಗೂ ಉಸಿರು ಬೇಕು

ದೊಡ್ಡ ಪ್ರಯಾಣಿಕರ ವಿಮಾನಗಳಿಗೆ ಜೆಟ್ ಎಂಜಿನ್ ಇರುತ್ತದೆ. ಕಲಿಯುವವರು ಹಾರಿಸುವ ಚಿಕ್ಕ ವಿಮಾನಗಳಿಗೆ ಸಾಮಾನ್ಯವಾಗಿ ಪಿಸ್ಟನ್ ಎಂಜಿನ್. ಅಪ್ಪನ ಬೈಕಿನಲ್ಲಿ ಇರುವಂಥದ್ದೇ, ಸ್ವಲ್ಪ ದೊಡ್ಡದು. ಸಿಲಿಂಡರಿನೊಳಗೆ ಪೆಟ್ರೋಲ್ ಮತ್ತು ಗಾಳಿ ಬೆರೆತು ಉರಿಯುತ್ತವೆ, ಪಿಸ್ಟನ್ ಓಡಾಡುತ್ತದೆ, ಮೂತಿಯ ಪ್ರೊಪೆಲ್ಲರ್ ತಿರುಗುತ್ತದೆ.

ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಗಾಳಿಗೆಂಥ ತೂಕ ಅನ್ನಬೇಡಿ. ಎಂಟಡಿ ಉದ್ದ, ಎಂಟಡಿ ಅಗಲ, ಎಂಟಡಿ ಎತ್ತರದ ಕೋಣೆಯ ಗಾಳಿಯನ್ನೆಲ್ಲ ತಕ್ಕಡಿಗೆ ಹಾಕಿದರೆ ಹತ್ತಿರ ಹತ್ತಿರ ಅಷ್ಟೇ ತೂಗುತ್ತದೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಜಮಾ ಖರ್ಚು ತಾಳೆಯಾಗದಿದ್ದರೆ ಸಂಜೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಎಂಜಿನ್ನಿನ ಲೆಕ್ಕವೂ ಹಾಗೆಯೇ. ಗಾಳಿಗೂ ಪೆಟ್ರೋಲಿಗೂ ತಾಳೆಯಾಗಬೇಕು.

ಮೇಲೆ ಹೋದಂತೆ ಈ ತಾಳೆ ತಪ್ಪುತ್ತದೆ. ಎತ್ತರದಲ್ಲಿ ಗಾಳಿ ತೆಳು. 18,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿರುವುದರ ಅರ್ಧ ಮಾತ್ರ. ಸಾಮಾನ್ಯ ಪಿಸ್ಟನ್ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ನೂರಕ್ಕೆ ಮೂರು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಕಡಲ ತೀರದಲ್ಲಿ 100 ಕುದುರೆಗಳ ಬಲವಿದ್ದ ಎಂಜಿನ್, 8,000 ಅಡಿಗೆ ಹೋಗುವಷ್ಟರಲ್ಲಿ ಸುಮಾರು 75 ಕುದುರೆಗೆ ಇಳಿಯುತ್ತದೆ. ಬೇಸಿಗೆಯ ಬಿಸಿ ಗಾಳಿಯೂ ತೆಳುವೇ. ಹಾಗಾಗಿ ಮೇ ತಿಂಗಳ ಮಧ್ಯಾಹ್ನ ನೆಲದ ಮೇಲಿರುವಾಗಲೇ ಎಂಜಿನ್ ಸ್ವಲ್ಪ ಸೋತಿರುತ್ತದೆ.

ಕೆಂಪು ಗುಂಡಿಯ ಕೆಲಸ

ಗಾಳಿ ಕಡಿಮೆಯಾಗಿ ಪೆಟ್ರೋಲ್ ಮೊದಲಿನಷ್ಟೇ ಬಂದರೆ ಏನಾಗುತ್ತದೆ? ಹಿಂದಿನ ಸೀಮೆಎಣ್ಣೆ ಸ್ಟೌ ನೆನಪಿರುವ ಅಜ್ಜಿಯರಿಗೆ ಗೊತ್ತು. ಗಾಳಿ ಸಾಲದಿದ್ದರೆ ನೀಲಿ ಜ್ವಾಲೆ ಹಳದಿಯಾಗಿ, ಪಾತ್ರೆಯ ತಳವೆಲ್ಲ ಮಸಿ. ಎಂಜಿನ್ನಿನೊಳಗೂ ಅದೇ ಕಥೆ. ಸ್ಪಾರ್ಕ್ ಪ್ಲಗ್ಗಿಗೆ ಮಸಿ ಹಿಡಿದು ಎಂಜಿನ್ ನಡುಗುತ್ತದೆ.

ಅದಕ್ಕಾಗಿ ಹಳೆಯ ಮಾದರಿಯ ಪುಟ್ಟ ವಿಮಾನಗಳಲ್ಲಿ ಪೈಲಟ್‌ನ ಮುಂದೆ ಒಂದು ಕೆಂಪು ಗುಂಡಿ ಇರುತ್ತದೆ. ಮೇಲೇರಿದಂತೆ ಅದನ್ನು ಸ್ವಲ್ಪ ಸ್ವಲ್ಪವೇ ಹೊರಗೆಳೆದು ಪೆಟ್ರೋಲ್ ಕಡಿಮೆ ಮಾಡಬೇಕು. ತೀರ ಕಡಿಮೆ ಮಾಡಿದರೆ ಎಂಜಿನ್ ಕಾದು ಕೆಡಬಹುದು. ಇಳಿಯುವಾಗ ಮತ್ತೆ ಒಳಗೆ ತಳ್ಳಬೇಕು. ಮರೆತರೆ, ಕೆಳಗಿನ ದಟ್ಟ ಗಾಳಿಗೆ ಪೆಟ್ರೋಲ್ ಸಾಲದೆ ಎಂಜಿನ್ ಕೆಮ್ಮಿ ನಿಂತುಹೋದೀತು.

ಇನ್ನೊಂದು ತೊಂದರೆ ಮಂಜುಗಡ್ಡೆಯದು. ಕಾರ್ಬುರೇಟರಿನ ಕಿರಿದಾದ ಕತ್ತಿನಲ್ಲಿ ಗಾಳಿ ವೇಗವಾಗಿ ನುಗ್ಗಿ, ಪೆಟ್ರೋಲ್ ಆವಿಯಾಗುವಾಗ ತಂಪು ಹೆಚ್ಚುತ್ತದೆ. ಗಾಳಿಯಲ್ಲಿ ತೇವವಿದ್ದರೆ, ಹೊರಗೆ ಚಳಿಯೇ ಇಲ್ಲದ ದಿನವೂ ಒಳಗೆ ಮಂಜುಗಡ್ಡೆ ಕಟ್ಟಿ ಎಂಜಿನ್ನಿನ ಉಸಿರು ಕಟ್ಟಬಹುದು! ಆಗ ಪೈಲಟ್ ಬಿಸಿ ಗಾಳಿ ಬಿಟ್ಟು ಅದನ್ನು ಕರಗಿಸುತ್ತಾರೆ.

ಹೆಚ್ಚು ಎತ್ತರಕ್ಕೆ ಹೋಗಲು ಅಜ್ಜಿಯ ಊದುಗೊಳವೆಯಂಥ ಉಪಾಯವಿದೆ. ಎಂಜಿನ್ ಹೊರಬಿಡುವ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದರ ಬಲದಿಂದ ಹೊರಗಿನ ತೆಳು ಗಾಳಿಯನ್ನು ಒತ್ತಿ ಒಳಗೆ ತುಂಬುವುದು. ಇದೇ ಟರ್ಬೊಚಾರ್ಜರ್. ಎಂಜಿನ್ನೇ ತಿರುಗಿಸುವ ಇಂಥ ಊದುಯಂತ್ರಕ್ಕೆ ಸೂಪರ್‌ಚಾರ್ಜರ್ ಎನ್ನುತ್ತಾರೆ. ಅದರ ಬಲದಿಂದಲೇ 1933ರ ಏಪ್ರಿಲ್ 3ರಂದು ಬಿಹಾರದ ಪೂರ್ಣಿಯಾದಿಂದ ಹೊರಟ ಎರಡು ಪಿಸ್ಟನ್ ಎಂಜಿನ್ ವಿಮಾನಗಳು ಮೊದಲ ಬಾರಿಗೆ ಎವರೆಸ್ಟ್ ಶಿಖರದ ಮೇಲೆ ಹಾರಿದವು.

ಬೆಂಗಳೂರಿನ ಹಂಸ

ಚಳ್ಳಕೆರೆಗೆ ಬಂದ ವಿಮಾನದ ಹೆಸರು ಹಂಸ-ಎನ್‌ಜಿ, ಅಂದರೆ ಹೊಸ ಪೀಳಿಗೆಯ ಹಂಸ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಇದನ್ನು ರೂಪಿಸಿತು. ಎರಡೇ ಆಸನ, ಒಂದು ಕಲಿಸುವವರಿಗೆ, ಒಂದು ಕಲಿಯುವವರಿಗೆ. 2021ರ ಸೆಪ್ಟೆಂಬರ್ 3ರಂದು ಮೊದಲ ಬಾರಿ ಹಾರಿತು. ಇದರ ರೋಟಾಕ್ಸ್ ಎಂಜಿನ್ನಿನಲ್ಲಿ ಗಾಳಿ ಪೆಟ್ರೋಲಿನ ಲೆಕ್ಕವನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಕೆಂಪು ಗುಂಡಿಯ ಕಾಟವಿಲ್ಲ. ಬೆಂಗಳೂರು ಸುಮಾರು 3,000 ಅಡಿ ಎತ್ತರದ ಊರಲ್ಲವೇ? ಆದ್ದರಿಂದ ಸಮುದ್ರ ಮಟ್ಟದ ದಟ್ಟ ಗಾಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆಂದು ನೋಡಲು 2022ರಲ್ಲಿ ಇದನ್ನು ಪುದುಚೇರಿಗೆ ಒಯ್ದರು.

ಕಂಪ್ಯೂಟರಿದ್ದರೂ ಎಂಜಿನ್ ನಿಲ್ಲುವುದೇ ಇಲ್ಲವೆಂದು ಯಾರೂ ಬರೆದುಕೊಡುವುದಿಲ್ಲ. ನಾಳೆ ಈ ವಿಮಾನದಲ್ಲಿ ಹದಿನೆಂಟು, ಇಪ್ಪತ್ತರ ಹುಡುಗಿಯೋ ಹುಡುಗನೋ ಮೊದಲ ಸಲ ಒಬ್ಬರೇ ಹಾರುತ್ತಾರೆ. ಅಂದು ಎಂಜಿನ್ ನಿಂತರೆ? ಅದು ಮತ್ತೆ ಚಾಲೂ ಆಗುತ್ತದೆಯೇ ಎಂದು ಅವರಿಗಿಂತ ಮೊದಲು ಬೇರೆ ಯಾರಾದರೂ ನೋಡಿರಬೇಕು.

ಆ ಕೆಲಸವನ್ನು ಚಳ್ಳಕೆರೆಯಲ್ಲಿ ಮಾಡಿದವರು ವಾಯುಪಡೆಯ ಪರೀಕ್ಷಾ ಪೈಲಟ್‌ಗಳಾದ ವಿಂಗ್ ಕಮಾಂಡರ್ ಕೆ.ವಿ. ಪ್ರಕಾಶ್ ಮತ್ತು ವಿಂಗ್ ಕಮಾಂಡರ್ ಎನ್.ಡಿ.ಎಸ್. ರೆಡ್ಡಿ. 7,000ದಿಂದ 8,000 ಅಡಿ ಎತ್ತರ, ಗಂಟೆಗೆ ಸುಮಾರು 110ರಿಂದ 130 ಕಿಲೋಮೀಟರ್ ವೇಗ.

ಎಂಜಿನ್ ನಿಂತ ಕೂಡಲೇ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ರೆಕ್ಕೆಯ ಮೇಲೆ ಗಾಳಿ ಹರಿಯುವವರೆಗೆ ಹದ್ದಿನಂತೆ ತೇಲುತ್ತ ಇಳಿಯುತ್ತದೆ. ಎತ್ತರವೆನ್ನುವುದು ಪೈಲಟ್‌ನ ಉಳಿತಾಯ ಖಾತೆ. ಹೆಚ್ಚು ಎತ್ತರವಿದ್ದಷ್ಟೂ ಯೋಚಿಸಲು ಹೆಚ್ಚು ಹೊತ್ತು ಸಿಗುತ್ತದೆ. ಎದುರುಗಾಳಿಗೆ ಪ್ರೊಪೆಲ್ಲರ್ ನಮ್ಮ ಜೋಗಿಮಟ್ಟಿ ಕಡೆಯ ಗಾಳಿಯಂತ್ರದಂತೆ ತಾನಾಗಿ ತಿರುಗುತ್ತಿದ್ದರೆ ಎಂಜಿನ್ ಚಾಲೂ ಮಾಡುವುದು ಸುಲಭ. ಅದು ಸಾಲದಿದ್ದರೆ ಬೈಕಿಗೆ ಇರುವ ಹಾಗೆ ಸ್ಟಾರ್ಟರ್ ಉಂಟು. ಅಂದು ಹಂಸದ ಎಂಜಿನ್ ಆಕಾಶದಲ್ಲೇ ಮತ್ತೆ ಚಾಲೂ ಆಯಿತು. ಪರೀಕ್ಷೆ ಯಶಸ್ವಿಯಾಯಿತೆಂದು ಘೋಷಿಸಿದರು.

ಪೈಲಟ್ ಆಗಬೇಕೆನ್ನುವ ಮಕ್ಕಳು ನೆನಪಿಡಬೇಕಾದ ಮಾತೊಂದಿದೆ. ಅವರಿಬ್ಬರದು ಹುಚ್ಚು ಸಾಹಸವಲ್ಲ. ಕೆಳಗೆ ರನ್‌ವೇ ಇತ್ತು, ಕೈಯಲ್ಲಿ ಎತ್ತರವಿತ್ತು, ಏನು ಮಾಡಬೇಕೆಂದು ಮೊದಲೇ ಗೊತ್ತಿತ್ತು. ಧೈರ್ಯ ಬರುವುದು ಹೀಗೆ ತಯಾರಿ ಮಾಡಿಕೊಂಡಾಗ.

ಈಗ ಒಂದು ಲೆಕ್ಕ. ಎಂಜಿನ್ ನಿಂತ ವಿಮಾನವೊಂದು 1 ಕಿಲೋಮೀಟರ್ ಕೆಳಗಿಳಿಯುವಷ್ಟರಲ್ಲಿ 9 ಕಿಲೋಮೀಟರ್ ಮುಂದೆ ಹೋಗುತ್ತದೆ ಎಂದುಕೊಳ್ಳಿ. ಅದು ನೆಲದಿಂದ 2 ಕಿಲೋಮೀಟರ್ ಎತ್ತರದಲ್ಲಿದೆ. ರನ್‌ವೇ 15 ಕಿಲೋಮೀಟರ್ ದೂರದಲ್ಲಿದೆ. ತಲುಪೀತೇ? ಎದುರಿನಿಂದ ಜೋರು ಗಾಳಿ ಬೀಸುತ್ತಿದ್ದರೆ? ಅಜ್ಜನ ಜೊತೆ ಕೂತು ಲೆಕ್ಕ ಹಾಕಿ ನೋಡಿ.